ಒಂದೇ ಕಿರಣ, ಬೇರೆ ಬೇರೆ ದೇಹ

ಕ್ಯಾನ್ಸರಿಗೆ ನೀಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುತ್ತಾರೆ. ಸ್ತನದ ಶಸ್ತ್ರಚಿಕಿತ್ಸೆಯ ತರುವಾಯ ನಮ್ಮ ಅತ್ತಿಗೆಯವರೂ ಅದನ್ನು ಪಡೆಯಬೇಕಾಯಿತು. ಅವರೊಂದಿಗೆ ಬರುತ್ತಿದ್ದ ಇನ್ನೊಬ್ಬ ತಾಯಿಗೂ ಅದೇ ರೋಗ, ಅದೇ ಯಂತ್ರ, ಅಷ್ಟೇ ಪ್ರಮಾಣ. ಆ ತಾಯಿಯ ಚರ್ಮ ತುಸು ಕೆಂಪಾಯಿತು, ಅಷ್ಟೆ. ಅತ್ತಿಗೆಯವರ ಚರ್ಮವೋ ಸುಲಿದು, ಬಟ್ಟೆ ಸೋಕಿದರೂ ಉರಿಯುವಂತಾಯಿತು.

ನೋಡಲು ಬಂದ ಬಂಧುಗಳು ತಲೆಗೊಂದು ಕಾರಣ ಹೇಳಿದರು. ಪಥ್ಯ ತಪ್ಪಿರಬೇಕೆಂದರು ಒಬ್ಬರು. ಬದನೆಕಾಯಿ ನಂಜಾಯಿತೆಂದರು ಇನ್ನೊಬ್ಬರು. ಪೂರ್ವಜನ್ಮದ ಫಲವೆಂದರು ಮತ್ತೊಬ್ಬರು. ಈ ಮಾತುಗಳಿಂದ ನೊಂದ ಅತ್ತಿಗೆಯವರು ಇನ್ನು ಆಸ್ಪತ್ರೆಗೆ ಹೋಗುವುದಿಲ್ಲವೆಂದು ಹಟ ಹಿಡಿದಾಗ ಮನೆಯವರಿಗೆಲ್ಲ ದಿಗಿಲಾಯಿತು.

ವೈದ್ಯರು ಅವರನ್ನು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು. ವಿಕಿರಣವು ಜೀವಕೋಶದೊಳಗಿನ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಕ್ಯಾನ್ಸರ್ ಕೋಶಗಳು ನಾಶವಾಗುವುದು ಹೀಗೆಯೇ. ಸುತ್ತಲಿನ ಆರೋಗ್ಯವಂತ ಕೋಶಗಳಿಗೂ ಪೆಟ್ಟು ತಗಲುತ್ತದೆಯಾದರೂ ಅವು ಬಹುಮಟ್ಟಿಗೆ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಈ ಶಕ್ತಿ ಹುಟ್ಟಿನಿಂದಲೇ ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೈಕಟ್ಟು, ಧೂಮಪಾನ, ಇತರ ಕಾಯಿಲೆಗಳೂ ಇದರೊಡನೆ ಸೇರಿಕೊಳ್ಳುತ್ತವೆ. ವೈದ್ಯರು ಮುಲಾಮು ಬರೆದುಕೊಟ್ಟು, ಕೆಲವು ದಿನ ವಿರಾಮವಿತ್ತು, ಚಿಕಿತ್ಸೆಯನ್ನು ಪೂರ್ಣಗೊಳಿಸಿದರು.

ಅಂದಿನಿಂದ ಈ ವಿಷಯವನ್ನು ಕುತೂಹಲದಿಂದ ಓದಿಕೊಂಡೆ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ಆನುವಂಶಿಕ ರೋಗವೊಂದಿದೆ. ಅದುಳ್ಳ ಮಕ್ಕಳಿಗೆ ಕ್ಯಾನ್ಸರ್ ಬಂದಾಗ ವಾಡಿಕೆಯ ಪ್ರಮಾಣದ ವಿಕಿರಣವೂ ಘೋರ ಪರಿಣಾಮ ಬೀರುವುದನ್ನು 1960ರ ದಶಕದಲ್ಲಿಯೇ ವೈದ್ಯರು ಕಂಡಿದ್ದರು. ಇದಕ್ಕೆ ಕಾರಣವಾದ ಎಟಿಎಂ ಎಂಬ ವಂಶವಾಹಿಯನ್ನು 1995ರಲ್ಲಿ ಇಸ್ರೇಲಿನ ವಿಜ್ಞಾನಿ ಯೋಸೆಫ್ ಶಿಲೋ ಅವರ ತಂಡ ಗುರುತಿಸಿತು. ಡಿಎನ್‌ಎ ತುಂಡಾದಾಗ ದುರಸ್ತಿಯ ಕಾರ್ಯಕ್ಕೆ ಕರೆಕೊಡುವುದೇ ಅದರ ಕೆಲಸ. ಇಷ್ಟು ತೀವ್ರವಾದ ದೋಷ ಅತಿ ವಿರಳ. ಉಳಿದವರಲ್ಲಿ ಅನೇಕ ವಂಶವಾಹಿಗಳ ಸಣ್ಣಪುಟ್ಟ ವ್ಯತ್ಯಾಸಗಳು ಕೂಡಿ ಪರಿಣಾಮ ಬೀರುತ್ತವೆ. ಇವುಗಳನ್ನು ಅರಸಲೆಂದು 2009ರಲ್ಲಿ ಹಲವು ದೇಶಗಳ ಸಂಶೋಧಕರು ಒಂದು ಒಕ್ಕೂಟವನ್ನೇ ಕಟ್ಟಿಕೊಂಡರು. ಆದರೂ ಪ್ರತಿಯೊಬ್ಬ ರೋಗಿಗೂ ಮುಂಚಿತವಾಗಿ ಮಾಡುವಂಥ ವಾಡಿಕೆಯ ಪರೀಕ್ಷೆ ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲ.

ಆದುದರಿಂದ ಮನೆಯವರ ಎಚ್ಚರವೇ ಮುಖ್ಯ. ವಂಶದಲ್ಲಿ ಯಾರಿಗಾದರೂ ವಿಕಿರಣದಿಂದ ತೀವ್ರ ತೊಂದರೆಯಾಗಿದ್ದರೆ ಅದನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಚರ್ಮದಲ್ಲಿ ಬದಲಾವಣೆ ಕಂಡೊಡನೆ ತೋರಿಸಬೇಕು. ಹೆದರಿ ತಾವಾಗಿಯೇ ಚಿಕಿತ್ಸೆ ನಿಲ್ಲಿಸಬಾರದು. ಮಾತೆಯರೇ, ಸೋದರರೇ, ರೋಗಿಯನ್ನು ನೋಡಲು ಹೋದಾಗ 'ಏನು ತಿಂದಿರಿ' ಎಂದು ಕೆದಕುವುದಕ್ಕಿಂತ, ಮರುದಿನ ಆಸ್ಪತ್ರೆಗೆ ಜೊತೆಯಲ್ಲಿ ಬರಲೇ ಎಂದು ಕೇಳೋಣ.