ನಲವತ್ತು ಕಂಬಗಳ ಅರಮನೆಯಲ್ಲಿ ಹುಮಾಯೂನ್

ಇರಾನಿನ ಇಸ್ಫಹಾನ್ ನಗರದಲ್ಲಿ ಚಹಲ್ ಸುತೂನ್ ಎಂಬ ಅರಮನೆಯಿದೆ. ಹೆಸರಿನ ಅರ್ಥ ನಲವತ್ತು ಕಂಬಗಳು. ಎಣಿಸಿದರೆ ಸಿಗುವುದು ಇಪ್ಪತ್ತೇ. ಉಳಿದ ಇಪ್ಪತ್ತು ಎದುರಿನ ಕೊಳದ ನೀರಿನಲ್ಲಿವೆ ಎನ್ನುತ್ತಾರೆ!

ಎರಡನೇ ಶಾಹ್ ಅಬ್ಬಾಸ್ 1647ರಲ್ಲಿ ಪೂರ್ಣಗೊಳಿಸಿದ ಈ ಅರಮನೆಯ ಸಭಾಂಗಣದ ಗೋಡೆಗಳಲ್ಲಿ ಸಫವಿ ದೊರೆಗಳ ಭಾರೀ ಚಿತ್ರಗಳಿವೆ. ಕೆಲವು ಯುದ್ಧದ್ದು. ಮೂರರಲ್ಲಿ ಮಾತ್ರ ದೊರೆ ಅತಿಥಿಯನ್ನು ಸತ್ಕರಿಸುತ್ತಿದ್ದಾನೆ. ಆ ಮೂವರು ಅತಿಥಿಗಳೂ ರಾಜ್ಯ ಕಳೆದುಕೊಂಡು ಬಂದವರೇ. ಆಶ್ರಯ ಕೊಟ್ಟವನ ದೊಡ್ಡಸ್ತಿಕೆಯನ್ನು ಎಲ್ಲರೂ ನೋಡಬೇಕಲ್ಲ!

ಅವರಲ್ಲೊಬ್ಬ ನಮ್ಮ ಹುಮಾಯೂನ್. ಶೇರ್ ಶಾಹನಿಗೆ ಸೋತು, ತಮ್ಮಂದಿರಿಂದಲೂ ದೂರವಾಗಿ 1544ರಲ್ಲಿ ಶಾಹ್ ತಹ್ಮಾಸ್ಪ್‌ನ ಬಳಿಗೆ ಬಂದಿದ್ದ. ಸುಮಾರು ನೂರು ವರ್ಷಗಳ ನಂತರ ಬರೆದ ಈ ಚಿತ್ರದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತಿದ್ದಾರೆ. ಮುಂದೆ ವಾದ್ಯದವರು, ನರ್ತಕಿಯರು. ಸೋತು ಬಂದವನೆಂದು ಹುಮಾಯೂನನನ್ನು ನೋಡಿ ಹೇಳುವಂತಿಲ್ಲ.

ಚಿತ್ರದಲ್ಲಿ ಇಲ್ಲದವರು ಹಮೀದಾ ಬಾನು ಬೇಗಂ. ಆ ಕಷ್ಟದ ದಾರಿಯನ್ನು ಪತಿಯೊಂದಿಗೆ ಅವರೂ ಸವೆಸಿದ್ದರು. ಶಾಹನ ಸಹೋದರಿ ಅವರನ್ನು ಆದರಿಸಿದ್ದನ್ನು ಹುಮಾಯೂನನ ತಂಗಿ ಗುಲ್‌ಬದನ್ ಬೇಗಂ ಬರೆದಿಟ್ಟಿದ್ದಾರೆ. ಹೊರಡುವಾಗ ಒಂದು ವರ್ಷ ಪ್ರಾಯದ ಮಗು ಅಕ್ಬರನನ್ನು ಹಿಂದೆ ಬಿಟ್ಟು ಬರಬೇಕಾಯಿತು. ಕಾಬೂಲಿನಲ್ಲಿ ತಾಯಿ ಮತ್ತೆ ಅವನನ್ನು ಕಂಡಾಗ ಮಗುವಿಗೆ ಮೂರು ವರ್ಷ ದಾಟಿತ್ತು.