ಫ್ರಿಜ್ ಇಲ್ಲದ ಮನೆಯಲ್ಲಿ ಹಾಲುಕ್ಕಿಸಿದ್ದು

ನಾವು ಮನೆ ತಗೊಂಡ ಸುದ್ದಿ ತಿಳಿದ ಮೇಲೆ ಸ್ನೇಹಿತರು ಎಷ್ಟೋ ಜನ ಫೋನ್ ಮಾಡಿದರು. ಬಡ್ಡಿ ಎಷ್ಟು, ಡೌನ್ ಪೇಮೆಂಟ್ ಎಷ್ಟು ಕೊಟ್ರಿ, ಸ್ಕೂಲ್ ಹೇಗಿದೆ ಅಂತ ಎಲ್ಲ ಕೇಳಿದರು. ಫ್ರಿಜ್ ಬಗ್ಗೆ ಯಾರೂ ಕೇಳಲಿಲ್ಲ. ಮನೆ ಕೊಳ್ಳುವಾಗ ನಾವೂ ಕೇಳಿರಲಿಲ್ಲ. ಅದರಿಂದ ಆದ ಫಜೀತಿಯನ್ನೇ ಈ ತಿಂಗಳು ಬರೆಯುತ್ತಿದ್ದೇವೆ. ಮುಂದೆ ಮನೆ ಕೊಳ್ಳುವವರಿಗೆ ಒಂದಿಷ್ಟು ಉಪಯೋಗವಾದರೆ ಸಾಕು.

ಹನ್ನೊಂದು ವರ್ಷ ನಾವು ಲಾಸ್ ಏಂಜಲೀಸ್‌ನಲ್ಲಿ ಬಾಡಿಗೆಗೆ ಇದ್ದವರು. ಮೊದಲು ಪಾಮ್ಸ್, ಆಮೇಲೆ ಕಲ್ವರ್ ಸಿಟಿ. ಆ ಕಡೆ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತಿರುವ ವಿಚಾರ ಒಂದಿದೆ: ಬೇರೆ ರಾಜ್ಯಗಳಿಂದ ಬಂದವರು ಬಾಯಿ ಬಿಟ್ಟು ನೋಡುವ ಹಾಗೆ ಇಲ್ಲಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಫ್ರಿಜ್ ಇರುವುದಿಲ್ಲ. ಒಲೆ ಇರುತ್ತೆ, ಫ್ರಿಜ್ ಇಡುವ ಜಾಗ ಖಾಲಿ ಇರುತ್ತೆ. ನಾವೇ ತರಬೇಕು, ಬಿಡುವಾಗ ನಾವೇ ಹೊರಬೇಕು. ಹಾಗೆ ಒಂದು ಬಿಳಿ ಫ್ರಿಜ್ಜನ್ನು ನಾವು ಮೂರು ಮನೆಗೆ ಹೊತ್ತಿದ್ದೆವು. ಎರಡನೇ ಮಹಡಿ ಮೆಟ್ಟಿಲಲ್ಲಿ ಅದನ್ನು ಹೊತ್ತ ನೋವು ಇನ್ನೂ ಸೊಂಟದಲ್ಲಿದೆ.

ಬಾಡಿಗೆಗೆ ಇರುವ ಓದುಗರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇವೆ. ಎಬಿ 628 ಅನ್ನುವ ಕಾನೂನಿನ ಪ್ರಕಾರ 2026ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಮಾಡುವ ಅಥವಾ ಮುಂದುವರಿಸುವ ಬಾಡಿಗೆ ಕರಾರಿನಲ್ಲಿ ಕೆಲಸ ಮಾಡುವ ಒಲೆ ಮತ್ತು ಫ್ರಿಜ್ ಕೊಡುವುದು ಸಾಮಾನ್ಯವಾಗಿ ಮನೆ ಮಾಲೀಕರ ಜವಾಬ್ದಾರಿ. ನಮ್ಮ ಫ್ರಿಜ್ ನಾವೇ ತರ್ತೀವಿ ಅಂತ ಬಾಡಿಗೆದಾರರೇ ಒಪ್ಪಿ ಬರೆದುಕೊಟ್ಟರೆ ಅದು ಬೇರೆ. ಆದರೆ ಇದು ಬಾಡಿಗೆ ಮನೆಗೆ ಮಾತ್ರ. ಮನೆ ಕೊಳ್ಳುವವರಿಗೆ ಫ್ರಿಜ್ ಕೊಡಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

ಕೆಲಸ ಸ್ಯಾನ್ ಡಿಯೇಗೊದ ಸೊರೆಂಟೊ ವ್ಯಾಲಿಗೆ ಬದಲಾಯಿತು. ಮೀರಾ ಮೆಸಾದಲ್ಲಿ ಒಂದು ಟೌನ್‌ಹೌಸ್ ನೋಡಿದೆವು. ಓಪನ್ ಹೌಸ್ ದಿನ ಅಡುಗೆಮನೆಯಲ್ಲಿ ಎರಡು ಬಾಗಿಲಿನ ದೊಡ್ಡ ಸ್ಟೀಲ್ ಫ್ರಿಜ್ ನಿಂತಿತ್ತು. ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಪುಸ್ತಕದ ಕಪಾಟು, ಅದನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದರು. ರಟ್ಟಿನ ಪೆಟ್ಟಿಗೆಗಳಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ ನಮ್ಮ ಕನ್ನಡ ಪುಸ್ತಕಗಳನ್ನು ಆ ಕಪಾಟಿನಲ್ಲಿ ನಾವು ಮನಸ್ಸಿನಲ್ಲೇ ಜೋಡಿಸಿಯೂ ಆಗಿತ್ತು.

ಪೆಟ್ಟಿಗೆಯಲ್ಲಿ ಯಾಕಿದ್ದವು ಅಂದರೆ, ನಾವು ಯಾವತ್ತೂ ಗಟ್ಟಿ ಸಾಮಾನು ಕೊಂಡವರೇ ಅಲ್ಲ. ಎಚ್-1ಬಿ ವೀಸಾದಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವುದು 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಮಂಚ ಯಾರಿಗೆ ಕೊಡೋದು, ಸೋಫಾ ಎಲ್ಲಿ ಹಾಕೋದು? ಆದ್ದರಿಂದ ಎಲ್ಲ ಮಡಚುವ ಕುರ್ಚಿ, ಮಡಚುವ ಮೇಜು. ಊರಿಗೆ ವಾಪಸ್ ಹೋಗುವವರು ಬಿಟ್ಟುಹೋದ ಹಾಸಿಗೆ. ನಮ್ಮಲ್ಲಿ ಬಹಳ ಮನೆಗಳ ಕಥೆ ಇದೇ ಅಲ್ಲವೇ. ಹಾಗಾಗಿ ಗೋಡೆಗೆ ಸ್ಕ್ರೂ ಹಾಕಿದ ಕಪಾಟು ನೋಡಿದಾಗ ನಮಗೆ ಆದ ಸಂತೋಷ ಹೇಳಿದರೆ ನಗ್ತೀರಿ.

ಫ್ರಿಜ್ ಬಿಟ್ಟುಹೋಗ್ತೀರಾ ಅಂತ ಕೇಳಲು ನಮಗೆ ಸಂಕೋಚ. ಇಷ್ಟು ದುಡ್ಡು ಕೊಟ್ಟು ಮನೆ ತಗೊಳ್ಳೋರು ಒಂದು ಫ್ರಿಜ್‌ಗೆ ಬಾಯಿ ಬಿಡ್ತಾರಲ್ಲ ಅಂದ್ಕೊಳ್ತಾರೇನೋ ಅನ್ನಿಸಿತು. ಮನೆ ಜೊತೆಗೇ ಬರುತ್ತೆ ಬಿಡು ಅಂತ ನಮಗೆ ನಾವೇ ಹೇಳಿಕೊಂಡೆವು. ನಮ್ಮ ಬಿಳಿ ಫ್ರಿಜ್ಜನ್ನು ಒಬ್ಬ ವಿದ್ಯಾರ್ಥಿಗೆ 150 ಡಾಲರ್‌ಗೆ ಮಾರಿದೆವು.

ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಕೀ ಕೈಗೆ ಬಂತು. ತಿಪಟೂರಿನಿಂದ ಅಮ್ಮ ಬಂದಿದ್ದರು, ಗೃಹಪ್ರವೇಶಕ್ಕೆ ಅಂತಲೇ. ಅವರಿಗೆ ಸಕ್ಕರೆ ಕಾಯಿಲೆ. ಆರು ತಿಂಗಳಿಗೆ ಆಗುವಷ್ಟು ಇನ್ಸುಲಿನ್ ಊರಿಂದಲೇ ತಂದಿದ್ದರು. ಅದನ್ನು ಕೂಲರ್ ಡಬ್ಬಿಯಲ್ಲಿ ಇಟ್ಟುಕೊಂಡು ಇಂಟರ್‌ಸ್ಟೇಟ್ 5ರಲ್ಲಿ ಹೊರಟೆವು. ಸುಮಾರು 120 ಮೈಲಿ ದಾರಿ, ಶುಕ್ರವಾರದ ಟ್ರಾಫಿಕ್, ಸ್ಯಾನ್ ಕ್ಲೆಮೆಂಟೆ ದಾಟುವಾಗಲೇ ಸಂಜೆ. ಬಾಗಿಲು ತೆಗೆದು ನೋಡಿದರೆ ಫ್ರಿಜ್ ಇದ್ದ ಜಾಗದಲ್ಲಿ ನೀರಿನ ಪೈಪಿನ ತುದಿ ಮತ್ತು ಒಂದಿಷ್ಟು ಧೂಳು. ಹಾಲ್‌ನಲ್ಲಿ ಕಪಾಟಿನ ಬದಲು ಗೋಡೆಯಲ್ಲಿ ಸಾಲಾಗಿ ಕಬ್ಬಿಣದ ಪಟ್ಟಿಗಳು.

ಏಜೆಂಟ್‌ಗೆ ಫೋನ್ ಮಾಡಿದೆವು. ಆತ ಬೇಜಾರು ಮಾಡಿಕೊಳ್ಳದೆ ಕರಾರಿನ ಪುಟ ತೆಗೆದು ತೋರಿಸಿದರು. ಕ್ಯಾಲಿಫೋರ್ನಿಯಾದ ಮನೆ ಖರೀದಿ ಕರಾರಿನಲ್ಲಿ ಒಲೆ, ಫ್ರಿಜ್, ವಾಷರ್, ಡ್ರೈಯರ್ ಅಂತ ಒಂದೊಂದಕ್ಕೂ ಒಂದು ಚೌಕ ಇರುತ್ತೆ, ಯಾವುದು ಬೇಕೋ ಅದಕ್ಕೆ ಗುರುತು ಹಾಕಬೇಕು. ನಮ್ಮದರಲ್ಲಿ ಒಲೆಗೆ ಗುರುತಿತ್ತು. ಫ್ರಿಜ್ಜಿನ ಚೌಕ ಖಾಲಿ. ಊಟದ ಬಿಡುವಿನಲ್ಲಿ ಮೊಬೈಲ್‌ನಲ್ಲಿ ಬೆರಳಾಡಿಸಿ ಸಹಿ ಮಾಡಿದ್ದು ನಾವೇ. ಮಾರಿದವರದು ಏನೂ ತಪ್ಪಿಲ್ಲ.

ಕಪಾಟಿನ ವಿಷಯ ಇನ್ನೂ ಸ್ವಾರಸ್ಯ. ಇಲ್ಲಿನ ಸಿವಿಲ್ ಕೋಡ್ 660ನೇ ಸೆಕ್ಷನ್ ಪ್ರಕಾರ ಸಿಮೆಂಟು, ಗಾರೆ, ಮೊಳೆ, ಬೋಲ್ಟು, ಸ್ಕ್ರೂಗಳಿಂದ ಶಾಶ್ವತವಾಗಿ ಜೋಡಿಸಿದ್ದು ಮನೆಯ ಭಾಗ. ಹಾಗಾದರೆ ಕಪಾಟು ನಮ್ಮದೇ ಅಲ್ಲವಾ ಅಂತ ನಾವು ವಾದಕ್ಕೆ ನಿಂತೆವು. ಆದರೆ ಕ್ಯಾಲಿಫೋರ್ನಿಯಾದ ಏಜೆಂಟರು ಸಾಮಾನ್ಯವಾಗಿ ಬಳಸುವ ಕರಾರಿನಲ್ಲಿ ಒಂದು ಸಾಲು ಇದೆ: ಭೂಕಂಪಕ್ಕೆ ಬೀಳದಿರಲಿ ಅಂತ ಗೋಡೆಗೆ ಬಿಗಿದ ಪೀಠೋಪಕರಣ ಮಾರಾಟಕ್ಕೆ ಸೇರಿಲ್ಲ. ಟಿವಿಯೂ ಅಷ್ಟೇ. ಅದನ್ನು ಹಿಡಿದ ಬ್ರಾಕೆಟ್ ಮನೆಯಲ್ಲಿ ಉಳಿಯುತ್ತೆ, ಟಿವಿ ಹೋಗುತ್ತೆ. ನಮಗೆ ಬಂದದ್ದೂ ಬ್ರಾಕೆಟ್ಟೇ.

ಇದನ್ನೆಲ್ಲ ಕೇಳಿ ಅಮ್ಮ ಹೇಳಿದ್ದು, "ನಮ್ಮೂರಲ್ಲಿ ಮನೆ ಬಿಟ್ಟು ಹೋಗೋರು ಫ್ಯಾನು, ಗೀಸರು, ಬಲ್ಬು ಎಲ್ಲ ಬಿಚ್ಕೊಂಡು ಹೋಗ್ತಾರೆ. ಇವರು ಫ್ಯಾನ್ ಬಿಟ್ಟು ಫ್ರಿಜ್ ತಗೊಂಡು ಹೋಗವ್ರೆ. ಅಷ್ಟೇ ವ್ಯತ್ಯಾಸ."

ಆದರೆ ಇನ್ಸುಲಿನ್ ತಮಾಷೆಯ ವಿಷಯ ಆಗಿರಲಿಲ್ಲ. ಆ ವಾರ ಒಳನಾಡಿನ ಬಿಸಿಲು ಜೋರಾಗಿತ್ತು, ಮನೆಯಲ್ಲಿ ಏಸಿ ಇಲ್ಲ. ರಾತ್ರಿ ಅಂಗಡಿಯಿಂದ ಎರಡು ಚೀಲ ಐಸ್ ತಂದು ಇನ್ಸುಲಿನ್ ಡಬ್ಬಿಗಳನ್ನು ಐಸಿನ ಮಧ್ಯಕ್ಕೇ ತುರುಕಲು ಹೊರಟಿದ್ದೆವು. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯ ಫಿಲಿಪಿನೋ ಮಹಿಳೆ ಪರಿಚಯ ಮಾಡಿಕೊಳ್ಳಲು ಬಂದವರು ನೋಡಿ, ಹಾಗೆ ಮಾಡಬೇಡಿ ಅಂತ ತಡೆದರು. ಅವರು ಆಸ್ಪತ್ರೆಯಲ್ಲಿ ನರ್ಸ್. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಕರಗಿದ ಮೇಲೂ ಬಳಸಬಾರದು. ಒಡೆಯದ ಬಾಟಲಿಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಬಳಸುತ್ತಿರುವ ಬಾಟಲಿಯನ್ನು ಮಾತ್ರ, ಬಹಳಷ್ಟು ಬಗೆಯ ಇನ್ಸುಲಿನ್‌ಗಳಲ್ಲಿ, ಬಿಸಿಲು ತಾಗದ ಹಾಗೆ ಸುಮಾರು 28 ದಿನ ಹೊರಗಿಡಬಹುದು. ಇಷ್ಟು ಹೇಳಿ ಅವರು ತಮ್ಮ ಗ್ಯಾರೇಜಿನಲ್ಲಿದ್ದ ಎರಡನೇ ಫ್ರಿಜ್‌ನಲ್ಲಿ ಒಂದು ಅರೆ ಖಾಲಿ ಮಾಡಿಕೊಟ್ಟರು. ಆರು ತಿಂಗಳ ಔಷಧಿ ಆ ರಾತ್ರಿ ನಮ್ಮ ಕೈಯಿಂದಲೇ ಹಾಳಾಗುತ್ತಿತ್ತು. ಇಲ್ಲಿ ವಿಮೆ ಸರಿಯಾಗಿ ಇಲ್ಲದ ತಂದೆತಾಯಿಗೆ ಅಷ್ಟು ಔಷಧಿ ಮತ್ತೆ ಹೊಂದಿಸುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ ಬೆಳಿಗ್ಗೆ ಹಾಲುಕ್ಕಿಸಿದೆವು. ಒಲೆ ಇತ್ತು, ಗ್ಯಾಸ್ ಹಿಂದಿನ ದಿನವೇ ನಮ್ಮ ಹೆಸರಿಗೆ ಮಾಡಿಸಿದ್ದೆವು. ಉಳಿದ ಹಾಲು ಇಡಲು ಜಾಗ ಇಲ್ಲ. ಪಾಯಸ ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚಿದೆವು. ಹೊಸ ಫ್ರಿಜ್ ಬರಲು ಎಂಟು ದಿನ ಆಯಿತು. ಆ ಎಂಟು ದಿನ ಅಮ್ಮ ಪಕ್ಕದ ಮನೆಗೆ ಮೊಸರು, ಹುಳಿ ಎಲ್ಲ ಕೊಟ್ಟು ಬರುತ್ತಿದ್ದರು. ಇಂಗ್ಲಿಷ್ ಬರದ ಅಮ್ಮನಿಗೂ ಕನ್ನಡ ಬರದ ಅವರಿಗೂ ಅದು ಹೇಗೆ ಮಾತು ನಡೀತಿತ್ತೋ.

ಇನ್ನೆರಡು ಪಾಠ ಇವೆ, ಬೇಗ ಹೇಳುತ್ತೇವೆ. ಸ್ನೇಹಿತರೊಬ್ಬರಿಂದ ನಾವು ಕರೆಂಟಿನ ಡ್ರೈಯರ್ ಕೊಂಡಿದ್ದೆವು. ಅದಕ್ಕೆ 240 ವೋಲ್ಟಿನ ಪ್ಲಗ್ ಬೇಕು. ಈ ಮನೆಯಲ್ಲಿ ಇದ್ದದ್ದು ಗ್ಯಾಸ್ ಕೊಳವೆ ಮತ್ತು ಸಾಧಾರಣ 120 ವೋಲ್ಟಿನ ಪ್ಲಗ್. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಗ್ಯಾಸ್ ಡ್ರೈಯರ್ ಬಹಳ. ಮನೆ ನೋಡಲು ಹೋದಾಗ ವಾಷರ್ ಹಿಂದಿನ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಯಂತ್ರ ಕೊಳ್ಳಿ. ಫ್ರಿಜ್‌ಗೂ ಹಾಗೇ, ಜಾಗದ ಅಗಲ, ಎತ್ತರ, ಆಳದ ಜೊತೆಗೆ ಮುಂಬಾಗಿಲು, ಮೆಟ್ಟಿಲ ತಿರುವು ಕೂಡ ಟೇಪ್ ಹಿಡಿದು ಅಳೆಯಿರಿ.

ಎರಡನೆಯದು, ಅವರು ಬೇಡದ್ದನ್ನು ಬಿಟ್ಟುಹೋದದ್ದು. ಗ್ಯಾರೇಜಿನಲ್ಲಿ ಹರಿದ ಸೋಫಾ, ಹಾಸಿಗೆ, ಹಳೇ ಟಿವಿ. ಕೊನೆಯ ಬಾರಿ ಮನೆ ನೋಡಲು ಹೋದಾಗ ಅವು ಅಲ್ಲೇ ಇದ್ದವು. ತೆಗೆಸ್ತೀವಿ ಅಂದರು, ನಾವು ಒಪ್ಪಿ ಬಂದೆವು. ಕರಾರಿಗೆ ಸೇರದ ಸಾಮಾನನ್ನು ಕೀ ಕೊಡುವ ಮೊದಲು ತೆಗೆಯುವುದು ಮಾರುವವರ ಕೆಲಸ. ಅದನ್ನು ಏಜೆಂಟ್ ಮೂಲಕ ಬರವಣಿಗೆಯಲ್ಲಿ ಕೇಳಬೇಕಿತ್ತು. ಮತ್ತೆ ಅದೇ ಸಂಕೋಚ. ಹಾಸಿಗೆಯನ್ನು ಬೈ ಬೈ ಮ್ಯಾಟ್ರೆಸ್ ಯೋಜನೆಯ ಕೇಂದ್ರಕ್ಕೆ ಪುಕ್ಕಟೆಯಾಗಿ ಕೊಟ್ಟು ಬಂದೆವು. ಈ ರಾಜ್ಯದಲ್ಲಿ ಹಾಸಿಗೆ ಕೊಳ್ಳುವಾಗಲೇ ಅದರ ಶುಲ್ಕ ಕಟ್ಟಿರುತ್ತೇವೆ. ಟಿವಿಯನ್ನು ಇ-ತ್ಯಾಜ್ಯ ಕೇಂದ್ರಕ್ಕೆ ಕೊಟ್ಟೆವು. ಸೋಫಾ ಸಾಗಿಸಲು ದುಡ್ಡು ತೆತ್ತೆವು. ಲಾಸ್ ಏಂಜಲೀಸ್ ನಗರದೊಳಗೆ ಇರುವವರು 311ಕ್ಕೆ ಫೋನ್ ಮಾಡಿದರೆ ನಗರದ ಕಸದ ಸೇವೆ ಇರುವ ಮನೆಗಳಿಂದ ದೊಡ್ಡ ಸಾಮಾನನ್ನು ಪುಕ್ಕಟೆ ಒಯ್ಯುತ್ತಾರೆ. ಹಳೇ ಫ್ರಿಜ್ಜನ್ನು ಮಾತ್ರ ರಸ್ತೆ ಬದಿ ಎಸೆಯಬೇಡಿ, ಅದರೊಳಗಿನ ಅನಿಲವನ್ನು ಕ್ರಮವಾಗಿ ತೆಗೆಯಬೇಕು.

ನಮಗೆ ಗೊತ್ತಿರುವ ಇನ್ನೊಂದು ಕುಟುಂಬದ ಕಥೆ ಇದಕ್ಕಿಂತ ಗಂಭೀರ. ಸಾಲ ಮಂಜೂರಾಯಿತು ಅನ್ನುವ ಖುಷಿಯಲ್ಲಿ ಎಸ್ಕ್ರೋ ಮುಗಿಯುವ ಮೊದಲೇ ಕಂತಿನ ಮೇಲೆ ಸೋಫಾ ಸೆಟ್, ಮಂಚ ಎಲ್ಲ ತಗೊಂಡರು. ಬಡ್ಡಿ ಇಲ್ಲದ ಕಂತು, ಏನು ಮಹಾ ಅಂದುಕೊಂಡರು. ಸಾಲ ಕೊಡುವವರು ಕೊನೆಗೆ ಇನ್ನೊಮ್ಮೆ ಕ್ರೆಡಿಟ್ ನೋಡುತ್ತಾರೆ. ಹೊಸ ಸಾಲ ಕಂಡು ಲೆಕ್ಕವೆಲ್ಲ ಮತ್ತೆ ಮಾಡಿದರು. ಕೀ ಎರಡು ವಾರ ತಡವಾಯಿತು. ಅಷ್ಟರಲ್ಲಿ ಇವರ ಬಾಡಿಗೆ ಮನೆ ಬಿಟ್ಟಾಗಿತ್ತು, ಮಕ್ಕಳ ಜೊತೆ ಮೋಟೆಲ್‌ನಲ್ಲಿ ಇದ್ದರು. ಕೀ ಕೈಗೆ ಬರುವವರೆಗೆ ಒಂದು ಕುರ್ಚಿಯನ್ನೂ ಸಾಲದಲ್ಲಿ ಕೊಳ್ಳಬೇಡಿ. ಹಾಗೇ ಮಾರುವವರ ಮೇಜು, ಮಂಚ ಇಷ್ಟವಾದರೆ ಅದರ ಬೆಲೆಯನ್ನು ಮನೆಯ ಬೆಲೆಗೆ ಸೇರಿಸಬೇಡಿ, ಬ್ಯಾಂಕು ಸಾಲ ಕೊಡುವುದು ಮನೆಗೆ, ಮಂಚಕ್ಕಲ್ಲ. ಬೇರೆ ಚೀಟಿ ಬರೆಸಿ ಬೇರೆ ದುಡ್ಡು ಕೊಟ್ಟು ತಗೊಳ್ಳಿ. ಏನೇ ಮಾಡಿದರೂ ಮೊದಲು ನಿಮ್ಮ ಏಜೆಂಟ್‌ಗೂ ಸಾಲ ಕೊಡುವವರಿಗೂ ತಿಳಿಸಿ.

ಕೊನೆಯ ಬಾರಿ ಮನೆ ನೋಡುವ ಅವಕಾಶ ಸಾಮಾನ್ಯವಾಗಿ ಕೀ ಸಿಗುವ ಮೊದಲಿನ 5 ದಿನಗಳಲ್ಲಿ ಇರುತ್ತೆ. ಆವತ್ತು ಕರಾರಿನ ಆ ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಲೆ ಹಚ್ಚಿ, ಡಿಶ್‌ವಾಷರ್ ಓಡಿಸಿ ನೋಡಿ. ನೀರು ಕಾಯಿಸುವ ಟ್ಯಾಂಕಿಗೆ ಪಟ್ಟಿ ಬಿಗಿದಿದೆಯಾ ನೋಡಿ, ಭೂಕಂಪಕ್ಕೆ ಉರುಳದ ಹಾಗೆ ಅದನ್ನು ಕಟ್ಟಿರಬೇಕು ಅಂತ ಈ ರಾಜ್ಯದಲ್ಲಿ ಕಾನೂನೇ ಇದೆ.

ಕೊನೆಗೆ ನಾವೂ ಒಂದು ಕಪಾಟು ಕೊಂಡೆವು. ಗಟ್ಟಿ ಮರದ್ದು, ಮಡಚಲು ಬರದ್ದು. ಗೋಡೆಯ ಆ ಹಳೇ ಬ್ರಾಕೆಟ್ಟುಗಳಿಗೇ ಬಿಗಿಯುತ್ತಿದ್ದಾಗ ಅಮ್ಮ ಕೇಳಿದರು, "ಕಪಾಟು ಎಲ್ಲಾದ್ರೂ ಓಡಿ ಹೋಗ್ತದೇನ್ರೋ, ಕಟ್ಟಿಹಾಕ್ತಾ ಇದ್ದೀರಲ್ಲ?" 1994ರ ಜನವರಿ 17ರ ಬೆಳಗಿನ ಜಾವ 4:31ಕ್ಕೆ ಲಾಸ್ ಏಂಜಲೀಸ್‌ನ ನಾರ್ತ್‌ರಿಡ್ಜ್‌ನಲ್ಲಿ 6.7 ತೀವ್ರತೆಯ ಭೂಕಂಪ ಆದಾಗ ಜನ ಮಲಗಿದ್ದರು, ಮಲಗಿದವರ ಮೇಲೆ ಕಪಾಟು ಬೀಳಬಾರದು ಅಂತ ಕಟ್ಟೋದು ಅಂತ ವಿವರಿಸಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮೊಮ್ಮಗಳ ಕೋಣೆಯ ಬಟ್ಟೆ ಬೀರುವನ್ನು ಮೊದಲು ಕಟ್ಟಿ ಅಂದರು. ಸರಿಯಾದ ಮಾತು. ಮೊದಲು ಅದನ್ನು ಕಟ್ಟಿ, ಆಮೇಲೆ ಪುಸ್ತಕ ಜೋಡಿಸಿದೆವು.

ಪಕ್ಕದ ಮನೆಯವರ ಗ್ಯಾರೇಜ್ ಫ್ರಿಜ್ಜಿನ ಆ ಅರೆಯಲ್ಲಿ ಅಮ್ಮನ ಒಂದು ಡಬ್ಬಿ ಉಪ್ಪಿನಕಾಯಿ ಈಗಲೂ ಇದೆ. ವಾಪಸ್ ತರೋಣ ಅಂದರೆ ಅಮ್ಮ, ಅದು ಅವರದೇ, ಕೇಳಬೇಡಿ ಅಂದರು. ಈ ಒಂದು ವಿಷಯದಲ್ಲಿ ಮಾತ್ರ ನಾವು ಕೇಳುವುದಿಲ್ಲ. ನೀವು ಮನೆ ಕೊಳ್ಳುವಾಗ ಮಿಕ್ಕದ್ದೆಲ್ಲವನ್ನೂ ಬಾಯಿ ಬಿಟ್ಟು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ.