ಮಲಪನಗುಡಿಯಿಂದ ಕಡಲಿಗೆ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಹಾದಿಯಲ್ಲಿ ಅನಂತಶಯನಗುಡಿಯನ್ನು ದಾಟಿ ಮುಂದೆ ನಡೆದರೆ ಸಿಕ್ಕುವ ಊರು ನಮ್ಮ ಮಲಪನಗುಡಿ. ಮಲ್ಲಿಕಾರ್ಜುನ ದೇವರ ಗುಡಿಯಿಂದ ಊರಿಗೆ ಈ ಹೆಸರು ಬಂದಿತು. ಹಂಪೆಯನ್ನು ನೋಡಲು ದೇಶದೇಶಗಳಿಂದ ಬರುವ ಎಷ್ಟೋ ಜನರು ನಮ್ಮ ಬಾಗಿಲ ಮುಂದೆಯೇ ಹಾದುಹೋಗುವರು. ಆದರೆ ನಮ್ಮ ಮನೆಯಿಂದ ಹೊರಟು ದೂರದ ನೋಟವೊಂದನ್ನು ಕಂಡುಬಂದವರು ವಿರಳ. ನಮ್ಮ ಅವ್ವನಿಗೆ ಈಗ ೭೮ ವರ್ಷ. ತುಂಗಭದ್ರೆಯ ಕಟ್ಟೆಯ ಹಿಂದೆ ನಿಂತ ನೀರನ್ನೇ ಸಮುದ್ರವೆಂದು ಮೊಮ್ಮಕ್ಕಳಿಗೆ ತೋರಿಸುತ್ತ ಬಂದವಳು ಆಕೆ. ನಿಜವಾದ ಸಮುದ್ರವನ್ನು ಈವರೆಗೆ ಕಂಡಿಲ್ಲ.

ಕಾಣದೆ ಹೋದುದಕ್ಕೆ ದೂರವು ಕಾರಣವಲ್ಲ. ಗದಗು, ಹುಬ್ಬಳ್ಳಿ, ಯಲ್ಲಾಪುರಗಳ ಮೇಲೆ ಹೊಸಪೇಟೆಯಿಂದ ಅಂಕೋಲೆಗೆ ಸುಮಾರು ೨೮೦ ಕಿಲೋಮೀಟರು. ನನ್ನ ಅಣ್ಣ ಆ ಹಾದಿಯನ್ನು ನೂರಾರು ಸಾರಿ ತುಳಿದವನು. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರನ್ನು ಅಂಕೋಲೆಯ ಹತ್ತಿರದ ಬೇಲೆಕೇರಿ ಬಂದರಿಗೆ ಲಾರಿಯಲ್ಲಿ ಒಯ್ಯುವುದೇ ಆತನ ಕಸುಬಾಗಿದ್ದಿತು. “ಅವ್ವಾ, ಒಂದು ಸಲ ನಿನ್ನ ಕರಕೊಂಡು ಹೋಗಿ ಸಮುದ್ರ ತೋರಿಸ್ತೀನಿ” ಎಂದು ಪ್ರತಿ ಬಾಡಿಗೆಗೂ ಹೇಳಿ ಹೊರಡುತ್ತಿದ್ದನು. ೨೦೧೦ರಲ್ಲಿ ಬೇಲೆಕೇರಿಯಲ್ಲಿ ಮುಟ್ಟುಗೋಲಾದ ಅದಿರು ಕಾಣೆಯಾದ ಸಂಗತಿ ನಾಡಿನಲ್ಲೆಲ್ಲ ಗುಲ್ಲಾಯಿತು. ಅದೇ ವರ್ಷ ಸರ್ಕಾರವು ರಫ್ತನ್ನು ನಿಲ್ಲಿಸಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ಮುಚ್ಚಿಸಿತು. ದೊಡ್ಡವರ ತಪ್ಪಿಗೆ ದೊಡ್ಡವರು ಎಷ್ಟು ತೆತ್ತರೋ, ನಮ್ಮ ಮನೆಯ ಲಾರಿಯಂತೂ ಸಾಲದ ಕಂತಿಗೆ ಹೋಯಿತು. ಅವ್ವನಿಗೆ ಕೊಟ್ಟ ಮಾತು ಹಾಗೆಯೇ ಉಳಿಯಿತು.

ಈ ವರ್ಷ ನನ್ನ ಮಗನು ಒಂದು ಉಪಾಯವನ್ನು ತಂದನು. ಕ್ಯಾರವಾನ್ ಎಂದು ಕರೆಯುವ ದೊಡ್ಡ ಮೋಟಾರುಗಳು ಬೆಂಗಳೂರಿನಲ್ಲಿ ಚಾಲಕನೊಡನೆ ಬಾಡಿಗೆಗೆ ದೊರೆಯುವುವು. ಒಳಗೆ ನಾಲ್ವರು ಮಲಗುವ ಮಂಚಗಳು, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವೂ ಉಂಟು. ಈ ಕೊನೆಯ ಮಾತು ಬಿದ್ದಾಗಲೇ ಅವ್ವ ಕಿವಿಗೊಟ್ಟಳು. ಮೊಣಕಾಲು ಬಗ್ಗದ ವೃದ್ಧೆಯರಿಗೆ ದೂರ ಪ್ರಯಾಣದಲ್ಲಿ ಯಾವುದರ ಭಯವೆಂಬುದನ್ನು ನಾವು ಗಂಡಸರು ಕೇಳುವುದಿಲ್ಲ. ಅವರು ಹೇಳುವುದೂ ಇಲ್ಲ. ಎರಡು ವರ್ಷಗಳ ಹಿಂದೆ ಮೊಮ್ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋದಾಗ, ಆಕೆ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದೆ ಕುಳಿತಿದ್ದು, ಮದುವೆಯ ಮನೆಯಲ್ಲಿ ತಲೆತಿರುಗಿ ಬಿದ್ದ ಮೇಲೆಯೇ ನಮಗೆ ಸಂಗತಿ ತಿಳಿದುದು.

ಮೋಟಾರಿನ ಚಿತ್ರವನ್ನು ನೋಡಿ ಅವ್ವ, “ಇದು ನಮ್ಮ ಕೊಲ್ಲಾರಿ ಬಂಡಿ ಅಲ್ಲೇನು?” ಎಂದಳು. ಆಕೆಯ ಮಾತು ಸುಳ್ಳಲ್ಲ. ಚೈತ್ರದಲ್ಲಿ ವಿರೂಪಾಕ್ಷನ ತೇರಿಗೆ ಸುತ್ತಣ ಸೀಮೆಯವರು ಕಮಾನು ಕಟ್ಟಿದ ಬಂಡಿಗಳಲ್ಲಿ ಬಂದು, ಹೊಳೆಯ ದಂಡೆಯಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಬಂಡಿಯ ಕೆಳಗೇ ಮಲಗುತ್ತಿದ್ದರು. ಅದಕ್ಕೂ ಹಿಂದೆ ಇದೇ ನೆಲದಿಂದ ಕಡಲಿನವರೆಗೆ ಎತ್ತಿನ ಹೇರುಗಳ ಸಾಲು ನಡೆಯುತ್ತಿದ್ದಿತು. ರಾಯರ ಸೇನೆಗೆ ಅರಬ್ಬೀ ಕುದುರೆಗಳು ಭಟ್ಕಳ, ಗೋವೆಗಳ ಬಂದರುಗಳಲ್ಲಿ ಇಳಿದು ಘಟ್ಟವನ್ನೇರಿ ಬರುತ್ತಿದ್ದುವು. ೧೪೪೩ರಲ್ಲಿ ಪಾರಸಿಯ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಮಂಗಳೂರಿನ ಮೇಲೆಯೇ ವಿಜಯನಗರವನ್ನು ತಲುಪಿದನು. ಅವರೆಲ್ಲ ಕಡಲಿನಿಂದ ನಮ್ಮ ಕಡೆಗೆ ಬಂದವರು. ನಾವು ಇಲ್ಲಿಂದ ಅತ್ತ ಹೋಗಬೇಕಾದವರು.

ಮಗನು ಬರೆದು ತಂದ ಯೋಜನೆಯಲ್ಲಿ ನಾಲ್ಕು ದಿನಗಳಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಎಲ್ಲವೂ ಇದ್ದುವು. ಸೂರ್ಯಾಸ್ತವನ್ನು ನೋಡಿಕೊಂಡು ಆಗುಂಬೆಯ ಮೇಲೆ ಮರಳುವುದೂ ಅದರಲ್ಲಿ ಸೇರಿದ್ದಿತು. ಅಣ್ಣ ಅದನ್ನು ಒಂದು ಸಾರಿ ಓದಿ, ಆಗುಂಬೆಯ ಮೇಲೆ ಗೀಟು ಹಾಕಿದನು. ಆ ತಿರುವುಗಳು ಇಪ್ಪತ್ತೈದು ಅಡಿಯ ಬಂಡಿಗೆ ತಕ್ಕುವಲ್ಲ. ಹೋಗುವುದೂ ಬರುವುದೂ ಯಲ್ಲಾಪುರದ ಮುಂದಿನ ಅರಬೈಲು ಘಟ್ಟದಲ್ಲಿಯೇ. ಅದು ಲಾರಿಗಳು ಪಳಗಿಸಿದ ದಾರಿ. ಮೊದಲನೆಯ ರಾತ್ರಿ ಘಟ್ಟದ ಮೇಲೆ ಯಲ್ಲಾಪುರದಲ್ಲಿಯೇ ತಂಗಬೇಕು. ಬೆಳಕು ಹರಿದು ಮಂಜು ಕರಗಿದ ಮೇಲೆ ಇಳಿಯತಕ್ಕದ್ದು. ಯಾವ ಗೇರಿನಲ್ಲಿ ಏರುವೆಯೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕನ್ನು ತುಳಿಯುತ್ತಲೇ ಇದ್ದರೆ ಅದು ಕಾದು ಕೈಕೊಡುವುದು, ಎಂದು ಬಾರದ ಚಾಲಕನಿಗೆ ಹೇಳುವಂತೆ ನಮಗೆ ಹೇಳಿದನು. ಹದಿನೈದು ವರ್ಷಗಳ ಬಳಿಕ ಆತನ ಮುಖದಲ್ಲಿ ಆ ಬಗೆಯ ಬಿಗುವನ್ನು ಕಂಡೆನು.

ಕಾಲದ ವಿಷಯದಲ್ಲಿ ಆತ ಇನ್ನೂ ಕಠಿಣ. ೨೦೨೪ರ ಮಳೆಗಾಲವನ್ನು ಯಾರು ಮರೆತಾರು? ಜುಲೈ ೧೬ರಂದು ಅಂಕೋಲೆಯ ಆಚೆ ಶಿರೂರಿನಲ್ಲಿ ಗುಡ್ಡವು ಕುಸಿದು, ಹೆದ್ದಾರಿಯ ಪಕ್ಕದ ಚಹದಂಗಡಿಯನ್ನೂ ಅಲ್ಲಿ ನಿಂತಿದ್ದ ಲಾರಿಯವರನ್ನೂ ಗಂಗಾವಳಿಗೆ ನೂಕಿತು. ಆಗಸ್ಟ್ ೭ರ ನಡುರಾತ್ರಿಯ ಬಳಿಕ ಕಾರವಾರದ ಕಾಳೀ ನದಿಯ ಹಳೆಯ ಸೇತುವೆ ಮುರಿದುಬಿದ್ದಿತು. ನಾಲ್ಕು ದಿನ ಕಳೆಯುವುದರೊಳಗೆ ನಮ್ಮ ತುಂಗಭದ್ರೆಯ ಕಟ್ಟೆಯ ಹತ್ತೊಂಬತ್ತನೆಯ ಬಾಗಿಲೇ ಕೊಚ್ಚಿಹೋಯಿತು. ಅಣ್ಣನು ಹಿಂದೆ ಚಹ ಕುಡಿಯಲು ನಿಲ್ಲುತ್ತಿದ್ದ ಹೆದ್ದಾರಿ ಅದು. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕಡೆಗೆ ಮುಖ ಹಾಕುವುದು ಬೇಡ. ಸಂಕ್ರಾಂತಿ ಕಳೆದ ಮೇಲೆ ಹೊರಡೋಣವೆಂದನು. ನಾವು ಒಪ್ಪಿದೆವು.

ಉಳಿದುದು ಬಂಡಿಯನ್ನು ನಿಲ್ಲಿಸುವ ಪ್ರಶ್ನೆ. ಕರಾವಳಿಯ ಹಳ್ಳಿಯ ಓಣಿಗಳು ಕಿರಿದು; ತೆಂಗಿನ ಗರಿಗಳೂ ವಿದ್ಯುತ್ತಿನ ತಂತಿಗಳೂ ತಗ್ಗಿನಲ್ಲಿ ತೂಗುವುವು. ಹತ್ತಡಿ ಎತ್ತರದ ಬಂಡಿಯನ್ನು ಗೋಕರ್ಣದ ತೇರಬೀದಿಗೆ ನುಗ್ಗಿಸುವುದು ಅವಿವೇಕ. ಅದನ್ನು ಊರ ಹೊರಗೆ ಬಿಟ್ಟು, ಅವ್ವನನ್ನು ಆಟೋದಲ್ಲಿ ದರ್ಶನಕ್ಕೆ ಕರೆದೊಯ್ಯುವುದೆಂದಾಯಿತು. ಮರಳಿನ ಮೇಲೆ ಬಂಡಿಯನ್ನು ಹತ್ತಿಸಕೂಡದು: ಗಾಲಿ ಹೂತರೆ ಎಳೆಯುವವರಿಲ್ಲ, ಅಲ್ಲದೆ ಹೊನ್ನಾವರದ ಕಾಸರಕೋಡಿನ ಟೊಂಕದಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುವುವು. ಅಲ್ಲಿಯೇ ಹತ್ತಿರ, ೨೦೨೦ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಡಲತೀರವುಂಟು. ಶೌಚದ ತೊಟ್ಟಿ ತುಂಬಿದಾಗ ಬರಿದು ಮಾಡುವುದೆಲ್ಲಿ ಎಂದು ಸೊಸೆ ಕೇಳಿದಳು. ಯೋಜನೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ! ತಂಗುವ ವಸತಿಗೃಹಗಳವರನ್ನು ಮೊದಲೇ ವಿಚಾರಿಸಿ, ಒಪ್ಪಿದವರಲ್ಲಿ ಮಾತ್ರ ತಂಗುವುದು, ಹೊಳೆಗಾಗಲಿ ಕಡಲಿಗಾಗಲಿ ಬಿಡಬಾರದು ಎಂದು ತೀರ್ಮಾನವಾಯಿತು. ಇಬ್ಬರು ಒಪ್ಪಿರುವರು. ಮಂಗಳೂರನ್ನು ಬಿಟ್ಟೆವು. ಒಂದು ಕಡೆ ಕಡಲೂ ಮತ್ತೊಂದು ಕಡೆ ಸೌಪರ್ಣಿಕೆಯೂ ಇರುವ ಮರವಂತೆಯ ಹಾದಿಯನ್ನು ಅವ್ವ ಕಿಟಕಿಯಿಂದ ನೋಡಿದರೆ ಸಾಕು, ಅಲ್ಲಿಂದ ತಿರುಗುವುದು.

ನಿನ್ನೆ ಸಂಜೆ ಅಣ್ಣನು ಈ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದು ಅವ್ವನಿಗೆ ಓದಿ ಹೇಳಿದನು. ಆಕೆ ಸಜ್ಜೆರೊಟ್ಟಿ ಎಷ್ಟು ದಿನ ಬಾಳುವುದೆಂದು ಲೆಕ್ಕ ಹಾಕುತ್ತ ಕೇಳಿದಳು. ಓದಿ ಮುಗಿದ ಮೇಲೆ, “ನೀ ಲಾರಿ ಹಚ್ಚಿಕೊಂಡು ರಾತ್ರಿಯೆಲ್ಲ ಪಾಳಿ ಕಾಯ್ತಿದ್ದ ಊರು ಇದರಾಗ ಬರಲಿಲ್ಲಲ್ಲ, ಯಪ್ಪಾ?” ಎಂದಳು. ಅಣ್ಣ ಬೇಲೆಕೇರಿಯನ್ನು ಬೇಕೆಂದೇ ಬಿಟ್ಟಿದ್ದನು. ಅಲ್ಲಿ ನೋಡುವಂಥದೇನೂ ಇಲ್ಲವೆಂದನು. “ನನಗ ಮೊದಲ ಅದನ್ನ ತೋರಿಸು. ಸಮುದ್ರ ಅಲ್ಲೂ ಐತಲ್ಲ?” ಎಂದಳು ಆಕೆ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಪುಸ್ತಕವನ್ನು ತಿರುವಿ, ಎರಡನೆಯ ದಿನದ ಹಾಳೆಯಲ್ಲಿ ಅಂಕೋಲೆಯ ಹೆಸರನ್ನು ಹೊಡೆದುಹಾಕಿ, ಅದರ ಮೇಲೆ ಬೇಲೆಕೇರಿ ಎಂದು ಬರೆದನು.